ಬೀಗದ ಕೈಗೆ ರಸೀದಿ

ಆಷಾಢದಲ್ಲಿ ಯಾರೂ ಮದುವೆಯಾಗುವುದಿಲ್ಲ,
ಹಾಗಾಗಿ ಆಷಾಢದಲ್ಲಿ ಬ್ಯಾಂಡ್‌ಸೆಟ್ ಫಕೀರಪ್ಪ
ಬಾಡಿಗೆ ಕಟ್ಟುವುದಿಲ್ಲ.
ಹದಿನಾರು ವರ್ಷದಿಂದ ಇದು
ಕರಾರಿನಲ್ಲಿ ಬರೆಯದ ಕರಾರು.
ಈ ಸಲ ಕಾರ್ತಿಕ ಬಂತು, ಮಾಘ ಬಂತು,
ದಿಬ್ಬಣಕ್ಕೆಲ್ಲ ಡಿಜೆ ಬಂತು,
ಬಾಡಿಗೆ ಬರಲಿಲ್ಲ.

ಗಾಡಿಕೊಪ್ಪ, ಎರಡನೇ ತಿರುವು, ನೀಲಿ ಗೇಟು.
ನಾವು ನೋಡಿಕೊಳ್ಳುವ ಮನೆಗಳ ಪಟ್ಟಿಯಲ್ಲಿ ನಲವತ್ತೊಂದನೆಯದು.
ದಾವಣಗೆರೆಯಿಂದ ಮಾಲೀಕರ ಫೋನು:
'ನಲ್ಲಿ ಬಂದ್ ಮಾಡ್ಸಮ್ಮ, ಫ್ಯೂಸ್ ಕಿತ್ತಿಡು,
ಮೂರೇ ದಿನ, ತಾನಾಗೇ ಓಡ್ತಾನೆ.'
'ನಲ್ಲಿ ಮುಟ್ಟೋ ಹಾಗಿಲ್ಲ ಸರ್.'
'ಮತ್ತೆ ನಿಮಗೆ ಕಮಿಷನ್ ಕೊಡೋದು ಯಾತಕ್ಕೆ?'
ಮುಟ್ಟದೇ ಇರೋದಕ್ಕೆ, ಅನ್ನಬೇಕೆಂದಿದ್ದೆ.
'ನೋಟಿಸ್ ಕಳಿಸ್ತೀನಿ ಸರ್' ಅಂದೆ.

ನೋಟಿಸಿಗೊಂದು ಭಾಷೆಯಿದೆ.
ಸದರಿ ಸ್ವತ್ತು, ಮೇಲ್ಕಂಡಂತೆ, ತಪ್ಪಿದಲ್ಲಿ.
ಬೈಯುವುದಿಲ್ಲ, ಅಳುವುದಿಲ್ಲ,
ಬೆರಳು ಮಡಚಿ ಹದಿನೈದು ದಿನ ಎಣಿಸುತ್ತದೆ.
ಅಂಚೆಯಲ್ಲಿ ಮರಳಿ ಬಂದ ಸ್ವೀಕೃತಿ ಚೀಟಿಯ ಮೇಲೆ
ಫಕೀರಪ್ಪನವರ ಸಹಿ:
ಮೊದಲ ಅಕ್ಷರದ ಹೊಟ್ಟೆ ಸೀಳಿದ ಗೆರೆ ಮಾತ್ರ
ಕಾಗದ ತೂತಾಗುವಷ್ಟು ಒತ್ತಿ.

ಆಮೇಲೆ ವಾಯಿದೆಗಳು.
ಒಂದಕ್ಕೆ ವಕೀಲರಿಗೆ ಜ್ವರ,
ಒಂದಕ್ಕೆ ಸಾಹೇಬರ ವರ್ಗಾವಣೆ,
ಒಂದಕ್ಕೆ ಪ್ರತಿವಾದಿ ಗೈರು.
ಹೊಳಲೂರಲ್ಲಿ ಯಾರದೋ ಹೆಣದ ಮುಂದೆ ಬಾರಿಸಲು ಹೋಗಿದ್ದರು.
'ಸಾಯೋರಿಗೆ ಆಷಾಢ ಇಲ್ಲ ನೋಡಿ ಮೇಡಂ' ಅಂದರು
ಮುಂದಿನ ವಾಯಿದೆಗೆ, ಸಮಜಾಯಿಷಿಯ ಹಾಗೆ,
ಆ ದುಡ್ಡನ್ನು ಕೋರ್ಟಿಗೆ ಕಟ್ಟಿ ಬಂದು.

ಕೋರ್ಟಿನ ವರಾಂಡದಲ್ಲಿ ಇರುವುದು ಒಂದೇ ಬೆಂಚು.
ವಾದಿಗೊಂದು ಪ್ರತಿವಾದಿಗೊಂದು ಅಂತ
ಸರ್ಕಾರ ಮಾಡಿಸಿಲ್ಲ.
ಪೊಟ್ಟಣ ಬಿಚ್ಚಿ ನನ್ನ ಕಡೆ ಸರಿಸಿದರು: ಖಾರ ಮಂಡಕ್ಕಿ.
ತಿಂದರೆ ತಪ್ಪೇ? ನಾನು ಓದಿದ ಯಾವ ಕಲಮಿನಲ್ಲೂ
ಮಂಡಕ್ಕಿಯ ಮಾತಿಲ್ಲ.
ಒಂದು ಹಿಡಿ ತಿಂದೆ. ಖಾರ ಹೆಚ್ಚಿತ್ತು.

ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಸೀಗೆಹಟ್ಟಿಯ ಮನೆಗೆ
ಬಡಗಿಯನ್ನು ಕರೆದುಕೊಂಡು ಬಂದ ಓನರು
ಬಾಗಿಲನ್ನೇ ಬಿಚ್ಚಿಸಿಕೊಂಡು ಹೋದರು.
ಅಮ್ಮ ಹನ್ನೊಂದು ರಾತ್ರಿ
ಸೀರೆಯನ್ನು ಬಾಗಿಲು ಮಾಡಿ ಎದ್ದು ಕೂತಿದ್ದಳು.
ಕೆಲಸದ ಸಂದರ್ಶನದಲ್ಲಿ ಇದನ್ನು ಹೇಳಲಿಲ್ಲ.
ಅವರು ಕೇಳಿದ್ದು ಟ್ಯಾಲಿ ಬರುತ್ತಾ ಅಂತ.

ಡಿಕ್ರಿಯಾಯಿತು. ಎರಡು ತಿಂಗಳ ಗಡುವು.
ಅಮೀನರು ಬರುವ ಪ್ರಸಂಗವೇ ಬರದಂತೆ
ಕೊನೆಯ ದಿನ ಬೆಳಿಗ್ಗೆ ಗೂಡ್ಸ್ ಆಟೋ ಬಂದು ನಿಂತಿತು.
ಎರಡು ಡೋಲು, ಒಂದಕ್ಕೆ ಚರ್ಮವಿಲ್ಲ.
ಉಸಿರು ಸೋರುವ ದೊಡ್ಡ ಕಹಳೆ.
ಜರಿ ಹೆಗಲಿನ ಕೆಂಪು ಕೋಟು ಹದಿನಾಲ್ಕು,
ತೊಡುವವರು ಈಗ ನಾಲ್ಕು ಜನ.
ಕೋಟುಗಳನ್ನು ಯಲ್ಲವ್ವ ಎಣಿಸಿದರು, ಮತ್ತೆ ಎಣಿಸಿದರು,
ಯಾರಿಗೂ ಹೊರಲು ಕೊಡಲಿಲ್ಲ.

ಖಾಲಿ ಕೋಣೆಯಲ್ಲಿ ನಾನು, ನನ್ನ ತನಿಖಾ ಪಟ್ಟಿ.
ಗೋಡೆಯ ಮೊಳೆಗೂ ಹಿಡೀರಿ ಅಂದಿದ್ದರು ಮಾಲೀಕರು.
ಒಂಬತ್ತು ಮೊಳೆ. ಪ್ರತಿಯೊಂದರ ಕೆಳಗೂ
ನೇತುಬಿದ್ದ ವಾದ್ಯದ್ದೊಂದು ಮಸುಕು ನೆರಳು,
ಸುಣ್ಣದ ಮೇಲೆ.
'ಸಹಜ ಸವೆತ' ಎಂದು ಬರೆದೆ.
ಮುಂಗಡದಲ್ಲಿ ಬಾಕಿ ಮುರಿದು ಉಳಿದದ್ದು
ಆರು ನೂರ ನಲವತ್ತು. ಎಣಿಸಿ ಕೊಟ್ಟೆ.

ಬೀಗದ ಕೈ ಚಾಚಿದವರು
ನಾನು ತಗೊಳ್ಳುವಷ್ಟರಲ್ಲಿ ಮುಷ್ಟಿ ಮುಚ್ಚಿದರು.
'ರಸೀದಿ?'
'ಯಾತಕ್ಕೆ?'
'ಕೈ ಒಪ್ಪಿಸಿದ್ದಕ್ಕೆ. ನಾಳೆ ಕೊಟ್ಟೇ ಇಲ್ಲ ಅಂದ್ರೆ?
ಒಂದೂವರೆ ವರ್ಷ ನೀವೇ ಕಲಿಸಿದ್ದಲ್ವಾ ಮೇಡಂ.'

ಬರೆದೆ: ತಾರೀಖು, ಹೊತ್ತು, ಮೀಟರಿನ ರೀಡಿಂಗು.
ತುಟಿಯಾಡಿಸಿಕೊಂಡು ಪೂರ್ತಿ ಓದಿದರು.
'ಒಂದು ಕೈ ಅಂತ ಇದೆ. ಎರಡು ಕೊಟ್ಟಿದೀನಿ.'
ತಿದ್ದಿದೆ.
'ತಿದ್ದಿದ ಕಡೆ ಒಂದು ಚಿಕ್ಕ ಸಹಿ.'
ಹಾಕಿದೆ.